ಕೆಱೆ ಮತ್ತು ಕೆರೆ: ಶಾಸನ ಸಂಪುಟಗಳಲ್ಲಿ ನನ್ನ ಹುಡುಕಾಟ

ಹಳೆಯ ಕೋಲಾರ ಜಿಲ್ಲೆಯ ಕೆರೆಗಳನ್ನು ಯಾರು ಕಟ್ಟಿಸಿದರು, ಅವುಗಳ ದುರಸ್ತಿಗೆ ಯಾವ ಏರ್ಪಾಟು ಮಾಡಿದ್ದರು ಎಂಬುದನ್ನು ಶಾಸನಗಳ ಮೂಲಕ ತಿಳಿಯಬೇಕೆಂದು ನಾನು ಹೊರಟಾಗ ನನ್ನ ಬಳಿ ಒಂದು ಸಾಧಾರಣ ಲ್ಯಾಪ್‌ಟಾಪ್, ಮೊಬೈಲ್ ಫೋನ್ ಮತ್ತು ಇಂಟರ್ನೆಟ್ ಸಂಪರ್ಕ ಬಿಟ್ಟರೆ ಬೇರೇನೂ ಇರಲಿಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಮಾಲೆಯ ಹತ್ತನೆಯ ಸಂಪುಟ ಈ ಜಿಲ್ಲೆಗೇ ಮೀಸಲಾದದ್ದು, 1905ರಲ್ಲಿ ಪ್ರಕಟವಾದ ಆ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಶಾಸನಪಾಠ, ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಾಗಿವೆ. ನಾನು ಇದರಿಂದಲೇ ಕೆಲಸ ಆರಂಭಿಸಿದೆ.

ಇಂಗ್ಲಿಷ್ ಅನುವಾದದ ಪುಟಗಳಲ್ಲಿ ‘ಟ್ಯಾಂಕ್’ ಎಂಬ ಪದವನ್ನು ಹುಡುಕಿದರೆ ಸಾಲುಸಾಲಾಗಿ ಫಲಿತಾಂಶಗಳು ಬರುತ್ತವೆ. ಮೊದಲ ವಾರ ಅದರಿಂದಲೇ ತೃಪ್ತನಾಗಿದ್ದೆ. ಆದರೆ ಅನುವಾದ ಎಲ್ಲವನ್ನೂ ಹೇಳುವುದಿಲ್ಲ; ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಇವು ಮೂರೂ ಕೆರೆಗೆ ಸಂಬಂಧಿಸಿದ ದತ್ತಿಗಳೇ ಆದರೂ ಒಂದೇ ಬಗೆಯವಲ್ಲ, ಅವುಗಳ ನಡುವಿನ ವ್ಯತ್ಯಾಸವನ್ನು ಅರಿಯಬೇಕಾದರೆ ಮೂಲಪಾಠಕ್ಕೇ ಹೋಗಬೇಕು. ಮೂಲಪಾಠದ ಕನ್ನಡ ಪುಟಗಳಾದರೋ ಬರಿಯ ಚಿತ್ರಗಳು. ಹಾಗಾಗಿ ಟೆಸೆರಾಕ್ಟ್ ಎಂಬ ಉಚಿತ ಓಸಿಆರ್ ತಂತ್ರಾಂಶಕ್ಕೆ ಕನ್ನಡದ ಕಡತವನ್ನು ಜೋಡಿಸಿ, ಪುಟಗಳನ್ನು ಒಂದೊಂದಾಗಿ ಪಠ್ಯವಾಗಿ ಪರಿವರ್ತಿಸಿಕೊಂಡು, ಮುದ್ರಿತ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದೆ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳು ಮತ್ತು ಅರ್ಕಾವತ್ತುಗಳು ಬಹಳ ಕಾಡಿದವು. ತಿದ್ದುವ ಕೆಲಸವನ್ನು ದಿನಕ್ಕೆ ಇಷ್ಟು ಪುಟವೆಂದು ನಿಗದಿ ಮಾಡಿಕೊಳ್ಳದಿದ್ದರೆ ಅದು ಎಂದಿಗೂ ಮುಗಿಯುತ್ತಿರಲಿಲ್ಲ.

ತಿದ್ದಿದ ಪಠ್ಯದಲ್ಲಿ ‘ಕೆರೆ’ ಎಂದು ಹುಡುಕಿದ ದಿನ ನನ್ನ ಸಂಶೋಧನೆ ತಪ್ಪುದಾರಿ ಹಿಡಿಯುವುದರಲ್ಲಿತ್ತು. ದೊರೆತ ಶಾಸನಗಳಲ್ಲಿ ಹೆಚ್ಚಿನವು ವಿಜಯನಗರ ಕಾಲದವು. ಅದನ್ನು ನೋಡಿ, ಈ ಸೀಮೆಯಲ್ಲಿ ಕೆರೆ ಕಟ್ಟುವ ಕೆಲಸ ಬಿರುಸಾದದ್ದು ಆ ಕಾಲದಲ್ಲೇ ಎಂದು ಟಿಪ್ಪಣಿಯನ್ನೂ ಬರೆದಿಟ್ಟೆ. ಎರಡು ದಿನಗಳ ಮೇಲೆ ಗಂಗರ ಕಾಲದ ಶಾಸನವೊಂದನ್ನು ಬೇರೆ ಕಾರಣಕ್ಕಾಗಿ ಓದುತ್ತಿದ್ದಾಗ ‘ಕೆಱೆ’ ಎಂಬ ರೂಪ ಕಣ್ಣಿಗೆ ಬಿತ್ತು. ಹಳಗನ್ನಡದಲ್ಲಿ ಈ ಪದಕ್ಕೆ ಇರುವುದು ಶಕಟರೇಫ, ಅಂದರೆ ಱ ಎಂದು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೂ ಹುಡುಕುವ ಜಾಗದಲ್ಲಿ ಬೆರಳು ಇಂದಿನ ಕಾಗುಣಿತವನ್ನೇ ಒತ್ತಿತ್ತು. ನಡುಗನ್ನಡದ ಹೊತ್ತಿಗೆ ಱ ಬಳಕೆ ಕುಗ್ಗಿ ರ ಆ ಜಾಗಕ್ಕೆ ಬಂದದ್ದರಿಂದ, ನನ್ನ ಹುಡುಕಾಟವು ಹಳೆಯ ಕೆರೆಗಳನ್ನೆಲ್ಲ ತಾನಾಗಿಯೇ ಕೈಬಿಟ್ಟು ಈಚಿನವನ್ನು ಮಾತ್ರ ಎತ್ತಿಕೊಟ್ಟಿತ್ತು. ಕಾಗುಣಿತದ ಚರಿತ್ರೆಯನ್ನೇ ನಾನು ಕೆರೆಗಳ ಚರಿತ್ರೆಯೆಂದು ಭಾವಿಸಿದ್ದೆ. ಆ ಟಿಪ್ಪಣಿಯನ್ನು ಹರಿದುಹಾಕಲಿಲ್ಲ, ಅಡ್ಡಗೆರೆ ಎಳೆದು ಹಾಗೆಯೇ ಇಟ್ಟುಕೊಂಡಿದ್ದೇನೆ.

ಅಂದಿನಿಂದ ಹುಡುಕುವ ಮುನ್ನ ಒಂದು ಪದದ ಎಲ್ಲ ರೂಪಗಳ ಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳುತ್ತೇನೆ. ಸಮಾಸದಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿ ‘ಗೆಱೆ’, ‘ಗೆರೆ’ ಎಂದಾಗುವುದನ್ನು ಸೇರಿಸಬೇಕು. ‘ತೂಬು’ ಎಂಬುದರ ಜೊತೆಗೆ ‘ತೂಂಬು’ ಇರಬೇಕು. ಗದ್ದೆಗೆ ‘ಗೞ್ದೆ’ ಬೇಕು. ಸಂಸ್ಕೃತ ಭಾಗಗಳಲ್ಲಿ ‘ತಟಾಕ’ ಬರುತ್ತದೆ, ತೆಲುಗಿನವುಗಳಲ್ಲಿ ‘ಚೆರುವು’ ಬರುತ್ತದೆ. ಈ ಜಿಲ್ಲೆ ಚೋಳರ ಆಳ್ವಿಕೆಗೆ ಒಳಪಟ್ಟಿದ್ದರಿಂದ ತಮಿಳು ಶಾಸನಗಳೂ ಸಾಕಷ್ಟಿವೆ, ಅಲ್ಲಿ ‘ಏರಿ’ ಎಂದರೆ ಕೆರೆಯೇ ಹೊರತು ಕನ್ನಡದಲ್ಲಿ ನಾವು ಹೇಳುವ ಕೆರೆಯ ಕಟ್ಟೆಯಲ್ಲ. ಶಾಸನದ ಭಾಷೆ ಯಾವುದೆಂದು ನೋಡದೆ ಆ ಪದವನ್ನು ಎಣಿಸಿದರೆ ಕಟ್ಟೆ ಕೆರೆಯಾಗುತ್ತದೆ, ಕೆರೆ ಕಟ್ಟೆಯಾಗುತ್ತದೆ. ಇಷ್ಟು ರೂಪಗಳನ್ನು ಒಂದೊಂದಾಗಿ ಹುಡುಕುವ ಬದಲು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ವಿಧಾನದಲ್ಲಿ, ಮೊದಲ ಅಕ್ಷರ ಕ ಅಥವಾ ಗ, ಎರಡನೆಯದು ರ ಅಥವಾ ಱ, ಎರಡಕ್ಕೂ ಎತ್ವ ಎಂದು ಒಂದೇ ಸಾಲಿನಲ್ಲಿ ಸೂಚಿಸಲು ಕಲಿತೆ. ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು. ಕನ್ನಡ ಅಧ್ಯಯನದ ವಿದ್ಯಾರ್ಥಿಗಳಿಗೆ ಇದನ್ನು ಛಂದಸ್ಸಿನಷ್ಟೇ ಶ್ರದ್ಧೆಯಿಂದ ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಣ್ಣಿಗೆ ಕಾಣದ ಇನ್ನೊಂದು ತೊಡಕಿತ್ತು. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಕಕಾರದ ಮುಂದೆ ಓತ್ವದ ಒಂದೇ ಚಿಹ್ನೆಯಿಟ್ಟು ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘಚಿಹ್ನೆಗಳನ್ನು ಬಿಡಿಬಿಡಿಯಾಗಿ ಪೋಣಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವ ಎಷ್ಟೋ ತಂತ್ರಾಂಶಗಳಿಗೆ ಮಾತ್ರ ಬೇರೆ ಬೇರೆ. ಓಸಿಆರ್‌ನಿಂದ ಬಂದ ಪಠ್ಯವನ್ನೂ ನಾನೇ ಟೈಪ್ ಮಾಡಿದ್ದನ್ನೂ, ಹಿಂದೆ ನುಡಿ ಅಕ್ಷರಶೈಲಿಯಲ್ಲಿ ಬರೆದು ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದ ಟಿಪ್ಪಣಿಗಳನ್ನೂ ಒಂದೇ ಕಡತಕ್ಕೆ ತಂದಾಗ ‘ಕೋಲಾರ’ ಎಂಬ ಹೆಸರೇ ಅರ್ಧದಷ್ಟು ಕಡೆ ಸಿಗದೆ ಹೋಯಿತು. ಎಲ್ಲ ಪಠ್ಯವನ್ನೂ ಒಮ್ಮೆ ಏಕರೂಪಕ್ಕೆ ತರುವ ಪುಟ್ಟ ಪ್ರೋಗ್ರಾಂ ಓಡಿಸಿದ ಮೇಲೆ ಸರಿಹೋಯಿತು. ಪ್ರಸಂಗವಶಾತ್ ಹೇಳುವುದಾದರೆ, ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರದ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿ ಇಲ್ಲದ ಕಾರಣ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ.

ಇವೆಲ್ಲವೂ ಕೊನೆಗೆ ಬಂದು ಸೇರಿದ್ದು ಒಂದು ಕೋಷ್ಟಕಕ್ಕೆ. ಪ್ರತಿ ಶಾಸನಕ್ಕೂ ಒಂದು ಸಾಲು. ಶಾಸನದಲ್ಲಿರುವ ರೂಪಕ್ಕೆ ಒಂದು ಅಂಕಣ, ಇಂದಿನ ಕಾಗುಣಿತಕ್ಕೆ ಮತ್ತೊಂದು. ಶಕವರ್ಷ ಮತ್ತು ಸಂವತ್ಸರ ಇದ್ದಂತೆಯೇ ಒಂದು ಕಡೆ, ಅದಕ್ಕೆ 78 ಕೂಡಿಸಿ ಬಂದ ಕ್ರಿಸ್ತಶಕ ಇನ್ನೊಂದು ಕಡೆ. ಒಮ್ಮೆ ರಾತ್ರಿ ಕಾಲಾನುಕ್ರಮದಲ್ಲಿ ಜೋಡಿಸಲು ಹೋಗಿ, ಇಡೀ ಕೋಷ್ಟಕದ ಬದಲು ಒಂದೇ ಅಂಕಣವನ್ನು ಆಯ್ದು ಆದೇಶ ಕೊಟ್ಟುಬಿಟ್ಟೆ. ಶಾಸನಗಳ ಸಂಖ್ಯೆಗಳು ಇದ್ದಲ್ಲೇ ಇದ್ದು ಕಾಲ ಮಾತ್ರ ಮೇಲೆ ಕೆಳಗಾಯಿತು. ಅದು ಗೊತ್ತಾದದ್ದು ಮೂರು ದಿನಗಳ ನಂತರ, ಆ ವೇಳೆಗೆ ಹೊಸ ನಮೂದುಗಳೂ ಸೇರಿದ್ದವು. ಮತ್ತೆ ಸಂಪುಟದ ಪುಟಗಳನ್ನು ತೆರೆದು ಸಾಲುಸಾಲನ್ನೂ ತಾಳೆ ನೋಡಬೇಕಾಯಿತು. ಈಗ ದಿನದ ಕೆಲಸ ಮುಗಿದೊಡನೆ ತಾರೀಖನ್ನು ಹೆಸರಾಗಿಟ್ಟು ಪ್ರತ್ಯೇಕ ಪ್ರತಿ ಉಳಿಸುತ್ತೇನೆ, ಮತ್ತು ಪ್ರತಿ ಸಾಲಿನಲ್ಲೂ ಸಂಪುಟದ ಪುಟಸಂಖ್ಯೆ ಇದ್ದೇ ಇರುತ್ತದೆ.

ಊರುಗಳನ್ನು ನಕ್ಷೆಗೆ ತರುವುದು ಕ್ಯೂಜಿಐಎಸ್ ತಂತ್ರಾಂಶದಿಂದ ಸುಲಭವಾಯಿತು; ಊರು ಯಾವುದೆಂದು ತಿಳಿಯುವುದೇ ಕಷ್ಟ. ರೈಸ್ ಅವರ ಬೌರಿಂಗ್‌ಪೇಟೆ ತಾಲ್ಲೂಕು ಇಂದಿನ ಬಂಗಾರಪೇಟೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ತಾಲ್ಲೂಕುಗಳು 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿವೆ. ಒಂದೇ ಹೆಸರಿನ ಊರುಗಳು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಇರುತ್ತವೆ. ಉಪಗ್ರಹ ಚಿತ್ರದಲ್ಲಿ ಕೆರೆಯ ಕಟ್ಟೆ ಬಾಗಿದ ಗೆರೆಯಾಗಿ ಎದ್ದು ಕಾಣುವುದರಿಂದ ಕೆಲವು ಅನುಮಾನಗಳು ಬಗೆಹರಿದವು, ಉಳಿದವಕ್ಕೆ ಊರಿಗೇ ಹೋಗಬೇಕಾಯಿತು. ಸವೆದ ಕಲ್ಲಿನ ಮೇಲೆ ಸಂಜೆ ಹೊತ್ತಿನಲ್ಲಿ ಫೋನಿನ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದರೆ, ನೇರ ಬಿಸಿಲಿನಲ್ಲಿ ಮಾಯವಾಗಿದ್ದ ಅಕ್ಷರಗಳು ನೆರಳಿನ ಅಂಚಿನಲ್ಲಿ ತೋರುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂತಹ ಯಂತ್ರ ನನ್ನಲ್ಲಿಲ್ಲ. ಟಾರ್ಚಿನಿಂದ ಓದಿದಷ್ಟನ್ನು, ನೋಡಿದ ತಾರೀಖಿನೊಂದಿಗೆ, ಕೋಷ್ಟಕದ ಕೊನೆಯ ಅಂಕಣದಲ್ಲಿ ಬರೆಯುತ್ತೇನೆ.

ಆ ಅಂಕಣದಲ್ಲಿ ಇನ್ನೂ ಬಹಳ ಜಾಗ ಖಾಲಿಯಿದೆ. ತೂಬಿನ ಬಳಿ ನೆಟ್ಟ ಕೆಲವು ಕಲ್ಲುಗಳು ನೀರಿಳಿದಾಗ ಮಾತ್ರ ಕಾಣುತ್ತವೆಯೆಂದು ಊರಿನವರು ಹೇಳಿದ್ದರಿಂದ, ಬರುವ ಏಪ್ರಿಲ್, ಮೇ ತಿಂಗಳುಗಳನ್ನು ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕಡೆಗೆಂದು ಎತ್ತಿಟ್ಟಿದ್ದೇನೆ.