ಸರ್ವರ್ ಅಪ್‌ಗ್ರೇಡ್ ಆದಮೇಲೆ ಶೇರ್ ಫೋಲ್ಡರ್ ನಿಧಾನವೇ? ಮೊದಲು ಈ ಎರಡು ಕಾಪಿ ಮಾಡಿ ನೋಡಿ

ಗದಗ-ಹುಬ್ಬಳ್ಳಿ ಕಡೆಯ ಪ್ರಿಂಟಿಂಗ್ ಪ್ರೆಸ್ಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ ವ್ಯವಸ್ಥೆ: ಮೂಲೆಯಲ್ಲಿ ಒಂದು ಉಬುಂಟು ಲಿನಕ್ಸ್ ಸರ್ವರ್, ಅದರಲ್ಲಿ ಸಾಂಬಾ (ಲಿನಕ್ಸ್‌ನಲ್ಲಿರುವ ಫೋಲ್ಡರನ್ನು ವಿಂಡೋಸ್ ಮಷಿನ್ನುಗಳಿಗೆ ಹಂಚುವ ಸಾಫ್ಟ್‌ವೇರ್), ಸುತ್ತ ನಾಲ್ಕಾರು ವಿಂಡೋಸ್ ಮಷಿನ್ನು, ಅವುಗಳಲ್ಲಿ ಕೋರೆಲ್‌ಡ್ರಾ, ಫೋಟೋಶಾಪ್. ಉಬುಂಟುವಿನ ಹಳೆಯ 16.04 ಆವೃತ್ತಿ ತೆಗೆದು 22.04 ಹಾಕಿದರೆ ಮರುದಿನ ಬೆಳಿಗ್ಗೆ ಫೋನು ಬಂದೇ ಬರುತ್ತದೆ: "ಸರ್, ಲಗ್ನಪತ್ರದ ಫೋಲ್ಡರ್ ಓಪನ್ನ ಆಗವಲ್ದ್ರಿ, ಸುಮ್ನ ತಿರಗಾಕತ್ತೈತಿ."

ಆಗ ಸಾಂಬಾದ ಕಾನ್ಫಿಗ್ ಫೈಲಿಗೆ, ಅಂದರೆ ಸೆಟ್ಟಿಂಗ್ ಬರೆದಿಡುವ ಫೈಲಿಗೆ, ಕೈ ಹಾಕಬೇಡಿ. ಎರಡು ಕಾಪಿ ಮಾಡಿ ನೋಡಿ. ಒಂದು, ಮೂರ್ನಾಲ್ಕು ಜಿಬಿಯ ಒಂದೇ ಫೈಲು. ಇನ್ನೊಂದು, ಸಾವಿರಾರು ಚಿಕ್ಕ ಫೈಲುಗಳಿರುವ ಒಂದು ಫೋಲ್ಡರ್. ಯಾವುದು ತಡವರಿಸುತ್ತದೆ ಎನ್ನುವುದರ ಮೇಲೆ ಮುಂದಿನ ದಾರಿಯೇ ಬೇರೆಯಾಗುತ್ತದೆ.

ದೊಡ್ಡ ಫೈಲೇ ನಿಧಾನವಾದರೆ ಸಾಂಬಾವನ್ನು ಬೈಯುವ ಮೊದಲು ತಂತಿ ನೋಡಿ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಬರಬೇಕು. 11-12ರಲ್ಲೇ ನಿಂತಿದೆಯೆಂದರೆ ಲಿಂಕು 100 ಮೆಗಾಬಿಟ್ಟಿಗೆ ಇಳಿದಿದೆ ಎಂದೇ ಅರ್ಥ (ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ). ಗಿಗಾಬಿಟ್ಟಿಗೆ ಕೇಬಲ್ಲಿನ ನಾಲ್ಕೂ ಜೋಡಿ ಎಳೆ ಬೇಕು, 100ಕ್ಕೆ ಎರಡು ಸಾಕು. ಅಪ್‌ಗ್ರೇಡಿಗೆಂದು ಸರ್ವರ್ ಡಬ್ಬಿಯನ್ನು ಈಚೆ ಎಳೆದಾಗ ಕೇಬಲ್ ತುದಿಯ ಹಳೆಯ ಕ್ರಿಂಪ್ (ಎಳೆಗಳನ್ನು ಪ್ಲಗ್ಗಿಗೆ ಒತ್ತಿ ಕೂರಿಸಿದ ಜಾಗ) ಸಡಿಲಾಗಿರುತ್ತದೆ, ಅಪವಾದ ಮಾತ್ರ ಹೊಸ ಸಾಫ್ಟ್‌ವೇರ್ ಮೇಲೆ. ಸರ್ವರಿನಲ್ಲಿ ಈಥ್‌ಟೂಲ್ ಎಂಬ ಕಮಾಂಡ್ ಓಡಿಸಿ ಸ್ಪೀಡ್ ಎಂಬ ಸಾಲು ನೋಡಿ. ಆಮೇಲೆ ಎರಡೂ ತುದಿಯಲ್ಲಿ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿ. 940 ಮೆಗಾಬಿಟ್ ಆಸುಪಾಸು ಬಂದರೆ ನೆಟ್‌ವರ್ಕಿನದು ತಪ್ಪಿಲ್ಲ.

ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಹಾಕಿದ್ದರೆ ಪ್ರಾಕ್ ಡೈರೆಕ್ಟರಿಯ ಎಂಡಿಸ್ಟ್ಯಾಟ್ ಫೈಲನ್ನೂ ಒಮ್ಮೆ ತೆರೆಯಿರಿ. ರೀಸಿಂಕ್, ಅಂದರೆ ಡಿಸ್ಕುಗಳನ್ನು ಒಂದಕ್ಕೊಂದು ಸರಿಹೊಂದಿಸುವ ಕೆಲಸ, ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯುವುದೇ ಮದ್ದು.

ದೊಡ್ಡ ಫೈಲು ಸರಾಗ, ಚಿಕ್ಕವು ಮಾತ್ರ ತೆವಳುತ್ತಿವೆ ಎನ್ನುವುದು ನಿಜವಾದ ಸಾಂಬಾ ಕೇಸು. 16.04ರಲ್ಲಿ ಇದ್ದದ್ದು ಸಾಂಬಾ 4.3, 22.04ರಲ್ಲಿ ಬರುವುದು 4.15. ನಡುವೆ ಆದ ಬದಲಾವಣೆಗಳಲ್ಲಿ ಎರಡು ನಮಗೆ ಮುಖ್ಯ.

ಮೊದಲನೆಯದು ಸ್ಟ್ರಿಕ್ಟ್ ಸಿಂಕ್ ಎಂಬ ಸಾಂಬಾ ಸೆಟ್ಟಿಂಗ್. 4.7ರಿಂದ ಇದು ತಾನಾಗಿಯೇ 'ಯೆಸ್' ಆಗಿದೆ. ವಿಂಡೋಸ್ ಕಡೆಯ ಪ್ರೋಗ್ರಾಂ "ಡಿಸ್ಕಿಗೆ ಬರೆದುಬಿಡು" ಎಂದು ಕೇಳಿದಾಗ ಹಳೆಯ ಸಾಂಬಾ ಹೂಂ ಎಂದು ಸುಮ್ಮನಾಗುತ್ತಿತ್ತು. ಹೊಸದು ನಿಜವಾಗಿಯೂ ಡಿಸ್ಕಿಗೆ ಇಳಿಸಿಯೇ ಉತ್ತರ ಕೊಡುತ್ತದೆ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಸೇವ್‌ಗೂ ಇದರ ಬಿಸಿ ತಟ್ಟುತ್ತದೆ. 'ನೋ' ಮಾಡಿ ಸಾಂಬಾ ರೀಸ್ಟಾರ್ಟ್ ಮಾಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆದರೆ ನಮ್ಮ ಕಡೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಸೇವ್ ಆಯಿತೆಂದು ತೋರಿಸಿದ ಫೈಲು ಕರೆಂಟ್ ಹೋದಾಗ ಅರ್ಧಂಬರ್ಧ ಉಳಿಯಬಹುದು. ಪರೀಕ್ಷೆಗೆ 'ನೋ' ಮಾಡಿ, ಕಾರಣ ಅದೇ ಎಂದು ಖಾತ್ರಿಯಾದ ಮೇಲೆ ವಾಪಸ್ 'ಯೆಸ್' ಮಾಡಿ ಎಸ್‌ಎಸ್‌ಡಿ ಹಾಕಿಸಿ. ಸರಿಯಾದ ಯುಪಿಎಸ್ ಇಲ್ಲದ ಪ್ರೆಸ್ಸಿನಲ್ಲಿ ಇದನ್ನು 'ನೋ' ಇಟ್ಟು ಬರಲು ನನಗೆ ಧೈರ್ಯವಿಲ್ಲ.

ಎರಡನೆಯದಕ್ಕೆ ಕಾನ್ಫಿಗ್‌ನಲ್ಲಿ ಮದ್ದಿಲ್ಲ. ಸಾಂಬಾ 4.13ರಿಂದ, ಅದರಲ್ಲೂ 4.15ರಲ್ಲಿ, ಸಿಮ್‌ಲಿಂಕ್ (ಬೇರೆ ಫೈಲು ಅಥವಾ ಫೋಲ್ಡರಿಗೆ ಕೊಂಡೊಯ್ಯುವ ಕೊಂಡಿ) ಮೂಲಕ ನುಸುಳುವುದನ್ನು ತಡೆಯಲು ಭದ್ರತೆ ಬಿಗಿ ಮಾಡಿದರು. ಫೈಲಿನ ಪಾತ್‌ನಲ್ಲಿರುವ ಒಂದೊಂದು ಫೋಲ್ಡರನ್ನೂ ತಪಾಸಣೆ ಮಾಡಿ ಮುಂದೆ ಹೋಗಬೇಕಾದ್ದರಿಂದ, ಫೈಲು ಹುಡುಕುವುದು, ತೆರೆಯುವುದು, ಮುಚ್ಚುವುದು ಎಲ್ಲ ನಿಧಾನವಾಯಿತು. ಸಾಂಬಾದವರೇ ಇದನ್ನು ಒಪ್ಪಿಕೊಂಡು 2022ರ ಸೆಪ್ಟೆಂಬರಿನಲ್ಲಿ ಬಂದ 4.17ರಲ್ಲಿ ಬಹಳಷ್ಟು ಸರಿಪಡಿಸಿದ್ದಾರೆ. ಲಿನಕ್ಸಿನ ತಿರುಳಾದ ಕರ್ನೆಲ್ 5.6 ಅಥವಾ ಅದಕ್ಕಿಂತ ಹೊಸದಿದ್ದರೆ ಪೂರ್ತಿ ಪಾತ್‌ನ ತಪಾಸಣೆ ಒಂದೇ ಏಟಿಗೆ ಮುಗಿಯುತ್ತದೆ. ಹಾಗಾಗಿ 22.04ರಲ್ಲಿ ಕೂತು ಗುದ್ದಾಡುವ ಬದಲು 24.04ಕ್ಕೆ ಹೋಗಿಬಿಡಿ, ಅದರಲ್ಲಿ 4.19 ಇದೆ. ಉಬುಂಟು ಬದಲು ಡೆಬಿಯನ್ ಲಿನಕ್ಸ್ ಹಾಕಿಕೊಂಡ ಮಂದಿಗೆ ಅದರ 12ರಲ್ಲೇ 4.17 ಸಿಗುತ್ತದೆ. ಅರ್ಧ ಅಪ್‌ಗ್ರೇಡ್ ಮಾಡಿ ನಿಲ್ಲುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇದರ ಜೊತೆಗೇ ಫೋಲ್ಡರ್ ಒಳಗೆ ಎಷ್ಟು ಫೈಲಿದೆ ಎಂದೂ ನೋಡಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎಲ್ಲ ಒಂದೇ; ಲಿನಕ್ಸ್‌ಗೆ ಬೇರೆ ಬೇರೆ. ಕೇಳಿದ ಹೆಸರು ಹಾಗೆಯೇ ಸಿಗದಿದ್ದರೆ, ಬೇರೆ ಅಕ್ಷರದಲ್ಲಿ ಇದೆಯೇನೋ ಎಂದು ಸಾಂಬಾ ಇಡೀ ಫೋಲ್ಡರನ್ನು ತಡಕುತ್ತದೆ. ವಿಂಡೋಸ್ ಎಕ್ಸ್‌ಪ್ಲೋರರ್ ಇಲ್ಲದ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಫೈಲನ್ನು ಹುಡುಕುತ್ತದೆ, ಕೋರೆಲ್ ಹೊಸ ಹೆಸರಿನಲ್ಲಿ ಸೇವ್ ಮಾಡುತ್ತದೆ. ಆಗೆಲ್ಲ ಈ ತಡಕಾಟ ನಡೆಯುತ್ತದೆ. ಹತ್ತು ವರ್ಷದ ಲಗ್ನಪತ್ರಗಳನ್ನು ಒಂದೇ ಫೋಲ್ಡರಿಗೆ ತುರುಕಿದವರು ವರ್ಷಕ್ಕೊಂದು, ತಿಂಗಳಿಗೊಂದು ಮಾಡಿ ಬೇರ್ಪಡಿಸಿ. ಡಿಸೈನರ್ ಹುಡುಗರು ಎರಡು ದಿನ ಗೊಣಗುತ್ತಾರೆ, ಗೊಣಗಲಿ.

ಈಗ ಕಾನ್ಫಿಗ್. ಟೆಸ್ಟ್‌ಪಾರ್ಮ್ ಎಂಬ ಕಮಾಂಡ್ ಓಡಿಸಿದರೆ ಡೀಫಾಲ್ಟ್ (ತಾನಾಗಿಯೇ ಇರುವ ಸೆಟ್ಟಿಂಗ್) ಬಿಟ್ಟು ಬೇರೆ ಏನೇನು ಬರೆದಿದೆ ಎಂದು ಪಟ್ಟಿ ಕೊಡುತ್ತದೆ. ಹಳೆಯ ಸರ್ವರಿನಿಂದ ಹಾಗೇ ಎತ್ತಿ ತಂದಿಟ್ಟ ಫೈಲಿನಲ್ಲಿ ಸಾಕೆಟ್ ಆಪ್ಷನ್ಸ್ ಎಂಬ ಸಾಲು ಇದ್ದೇ ಇರುತ್ತದೆ, ಪಕ್ಕದಲ್ಲಿ 8192 ಎಂಬ ಬಫರ್ (ಬಂದುಹೋಗುವ ಡೇಟಾ ತಾತ್ಕಾಲಿಕವಾಗಿ ನಿಲ್ಲುವ ಜಾಗ) ಅಳತೆ. ಯಾರೋ ಯಾವ ಕಾಲದಲ್ಲೋ ಬರೆದದ್ದು. ಇಂದಿನ ಕರ್ನೆಲ್ ಬಫರನ್ನು ತಾನೇ ಹಿಗ್ಗಿಸುತ್ತದೆ, ಈ ಸಾಲು ಅದರ ಕೈ ಕಟ್ಟಿಹಾಕುತ್ತದೆ. ಅಳಿಸಿ. ಲಾಗ್ ಲೆವೆಲ್ (ಸಾಂಬಾ ಎಷ್ಟು ವಿವರವಾಗಿ ದಾಖಲೆ ಬರೆಯಬೇಕು ಎನ್ನುವುದು) 3, 10 ಎಂದು ಇದ್ದರೆ 1 ಮಾಡಿ. ವಿಂಡೋಸೂ ಸಾಂಬಾವೂ ಮಾತಾಡುವ ಭಾಷೆ ಎಸ್‌ಎಂಬಿ; ಅದರ ಆವೃತ್ತಿಗೆ ಮಿತಿ ಹಾಕುವ ಮ್ಯಾಕ್ಸ್ ಪ್ರೋಟೋಕಾಲ್ ಸಾಲು ಇದ್ದರೆ ಅದೂ ಹೋಗಲಿ. ಆಮೇಲೆ ಎಸ್‌ಎಂಬಿಸ್ಟೇಟಸ್ ಕಮಾಂಡ್ ಕೊಟ್ಟು ಪ್ರತಿ ಮಷಿನ್ನಿನ ಎದುರು SMB3_11 (ಅಂದರೆ ಎಸ್‌ಎಂಬಿ 3.1.1) ಎಂದು ಬಂದಿದೆಯೇ ನೋಡಿ. ಅದೇ ಸಾಲಿನಲ್ಲಿ ಸೈನಿಂಗ್ (ಪ್ರತಿ ಸಂದೇಶವನ್ನೂ ದಾರಿಯಲ್ಲಿ ತಿದ್ದಿಲ್ಲ ಎಂದು ಮುದ್ರೆ ಹಾಕಿ ಕಳಿಸುವುದು) ಕಾಲಂ ಇರುತ್ತದೆ: ವಿಂಡೋಸ್ 11 ಪ್ರೊ 24ಎಚ್2 ಬಂದಮೇಲೆ ಅಂಥ ಮಷಿನ್ನುಗಳು ಸೈನಿಂಗ್ ಕಡ್ಡಾಯ ಎನ್ನುತ್ತವೆ. ಪ್ರೊಸೆಸರ್ ತೀರಾ ಹಳೆಯದಾಗಿದ್ದರೆ ಅದರ ಭಾರವೂ ಕಾಣುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಎರಡು ಕಾಪಿ ಮತ್ತೆ ಮಾಡಿ, ಬಂದ ಸಮಯವನ್ನು ಬರೆದಿಟ್ಟುಕೊಳ್ಳಿ.

ಈ ಗದ್ದಲದಲ್ಲೇ ಯಾರಾದರೂ "ಜೆರಾಕ್ಸ್ ಮಷಿನ್ನಿನ ಸ್ಕ್ಯಾನ್ ಫೋಲ್ಡರಿಗೆ ಬರವಲ್ದು" ಎನ್ನುತ್ತಾರೆ. ಅದು ನಿಧಾನದ ಸಮಸ್ಯೆಯಲ್ಲ. ಅಂಥ ಹಳೆಯ ಮಷಿನ್ನಿಗೆ ಎಸ್‌ಎಂಬಿಯ ಮೊದಲ ಆವೃತ್ತಿಯಾದ ಎಸ್‌ಎಂಬಿ 1 ಮಾತ್ರ ಬರುತ್ತದೆ, ಸಾಂಬಾ 4.11ರಿಂದ ಅದು ಡೀಫಾಲ್ಟ್ ಆಗಿ ಬಂದ್. ಆ ಒಂದು ಮಷಿನ್ನಿಗೋಸ್ಕರ ಎಲ್ಲರಿಗೂ ಎಸ್‌ಎಂಬಿ 1 ತೆರೆದಿಡಬೇಡಿ. ಅಂಥ ಬಹುತೇಕ ಮಷಿನ್ನುಗಳಲ್ಲಿ ಎಫ್‌ಟಿಪಿಗೆ (ಫೈಲು ಸಾಗಿಸುವ ಇನ್ನೊಂದು ವಿಧಾನ) ಸ್ಕ್ಯಾನ್ ಕಳಿಸುವ ಆಯ್ಕೆ ಇರುತ್ತದೆ, ಅದನ್ನೇ ಹಾಕಿಕೊಡಿ.