ಹಂಚಿದ ಮೇಲ್ ಫೋಲ್ಡರ್ ಕಾಣದಿದ್ದರೆ: ಡವ್‌ಕಾಟ್‌ನಲ್ಲಿ ಎಲ್ಲಿ ಹುಡುಕಬೇಕು

ಡವ್‌ಕಾಟ್ ಎಂಬ ಮೇಲ್ ಸರ್ವರ್‌ನಲ್ಲಿ ಇನ್ನೊಬ್ಬರು ಹಂಚಿದ ಫೋಲ್ಡರ್ ಕಾಣುತ್ತಿಲ್ಲ ಅಂದ ಕೂಡಲೇ ಥಂಡರ್‌ಬರ್ಡ್ ಮೇಲ್ ಪ್ರೋಗ್ರಾಂನಿಂದ ಖಾತೆ ಅಳಿಸಿ ಮತ್ತೆ ಸೇರಿಸಲು ಹೋಗಬೇಡಿ. ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲೇ ಇರುವ ಮೇಲ್ ಓದುವ ವಿಧಾನ) ಸಬ್‌ಸ್ಕ್ರಿಪ್ಷನ್ ಪಟ್ಟಿ, ಅಂದರೆ ಬಳಕೆದಾರರು ತೋರಿಸಲು ಆರಿಸಿಕೊಂಡ ಫೋಲ್ಡರ್‌ಗಳ ಪಟ್ಟಿ, ಇರುವುದು ಸರ್ವರ್‌ನಲ್ಲಿ, ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು. ಖಾತೆಯನ್ನು ಹತ್ತು ಸಲ ಸೇರಿಸಿದರೂ ಬರುವುದು ಅದೇ ಪಟ್ಟಿ.

ಮೊದಲು ಮೇಲ್ ಪ್ರೋಗ್ರಾಂ ಬದಿಗಿಟ್ಟು ಸರ್ವರ್‌ನ್ನೇ ಕೇಳಿ. ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಸಾಧನ) ಮೂಲಕ ಸರ್ವರ್‌ನ 993ನೇ ಪೋರ್ಟ್‌ಗೆ ಸೇರಿ, ಫೋಲ್ಡರ್ ಕಾಣದವರ ಹೆಸರಿನಲ್ಲಿ ಲಾಗಿನ್ ಆಗಿ ಎರಡು ಆಜ್ಞೆ ಕೊಡಿ:

ಎ1 ಲಿಸ್ಟ್ "" "*"
ಎ2 ಎಲ್‌ಸಬ್ "" "*"

ಮೊದಲನೆಯದು ಅವರು ನೋಡಬಹುದಾದ ಫೋಲ್ಡರ್‌ಗಳನ್ನು ಕೊಡುತ್ತದೆ, ಎರಡನೆಯದು ಅವರು ಸಬ್‌ಸ್ಕ್ರೈಬ್ ಮಾಡಿದವನ್ನು. "ಶೇರ್ಡ್/ಅಕೌಂಟ್ಸ್/ಇನ್‌ವಾಯ್ಸ್" ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಸಬ್‌ಸ್ಕ್ರೈಬ್ ಮಾಡಿದರೆ ಮುಗಿಯಿತು. ಎರಡರಲ್ಲೂ ಇದ್ದರೆ ತೊಂದರೆ ಮೇಲ್ ಪ್ರೋಗ್ರಾಂನದು. ಎರಡರಲ್ಲೂ ಇಲ್ಲದಿದ್ದರೆ ಅನುಮತಿ ನೋಡಬೇಕು.

ಅನುಮತಿಯಲ್ಲಿ (ಎಸಿಎಲ್, ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ) ಒಂದೊಂದು ಹಕ್ಕಿಗೂ ಒಂದೊಂದು ಅಕ್ಷರ. ‘ಎಲ್’ ಇಲ್ಲದಿದ್ದರೆ ಫೋಲ್ಡರ್ ಪಟ್ಟಿಗೇ ಬರುವುದಿಲ್ಲ. ‘ಎಲ್’ ಇದ್ದು ‘ಆರ್’ ಇಲ್ಲದಿದ್ದರೆ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ಡವ್‌ಕಾಟ್ ನಿರ್ವಹಣೆಯ ಸಾಧನವಾದ ಡವ್‌ಆಡ್ಮ್‌ನ ‘ಎಸಿಎಲ್ ಡೀಬಗ್’ ಆಜ್ಞೆಗೆ ಬಳಕೆದಾರ ಮತ್ತು ಫೋಲ್ಡರ್ ಹೆಸರು ಕೊಟ್ಟರೆ ಎಲ್ಲಿ ತಡೆಯಿದೆ ಎಂದು ಹೇಳುತ್ತದೆ. ಎಸಿಎಲ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಸಾಲು ಸೇರಿಸುವ ಅಭ್ಯಾಸ ಬಿಡಿ. ಯಾರು ಯಾರಿಗೆ ಹಂಚಿದ್ದಾರೆ ಎಂಬ ಲೆಕ್ಕ ಬೇರೊಂದು ಡಿಕ್ಷನರಿಯಲ್ಲಿದೆ (ಡವ್‌ಕಾಟ್ ಇಟ್ಟುಕೊಳ್ಳುವ ದಾಖಲೆ). ಕೈಯಿಂದ ತಿದ್ದಿದರೆ ಅದಕ್ಕೆ ಸುದ್ದಿ ಹೋಗುವುದಿಲ್ಲ, ಹಕ್ಕು ಸರಿಯಿದ್ದರೂ ಫೋಲ್ಡರ್ ಪಟ್ಟಿಗೆ ಬರುವುದಿಲ್ಲ. ‘ಎಸಿಎಲ್ ಸೆಟ್’ ಬಳಸಿದರೆ ಎರಡೂ ಕಡೆ ಬರೆಯುತ್ತದೆ. ಆಗಲೇ ಕೈಯಿಂದ ತಿದ್ದಿದ್ದರೆ, ಹಂಚಿದವರ ಹೆಸರಿನಲ್ಲಿ ‘ಎಸಿಎಲ್ ರೀಕ್ಯಾಲ್ಕ್’ ಓಡಿಸಿ. ಬಳಕೆದಾರರಿಗೆಲ್ಲ ಬೇರೆ ಬೇರೆ ಲಿನಕ್ಸ್ ಯುಐಡಿ (ಬಳಕೆದಾರ ಸಂಖ್ಯೆ) ಇರುವ ಕಡೆ ಫೈಲ್‌ಗಳ ಅನುಮತಿಯನ್ನೂ ನೋಡಬೇಕು: ಒಬ್ಬರ ಮೇಲ್‌ಡಿರ್ (ಮೇಲ್ ಇಡುವ ಡೈರೆಕ್ಟರಿ) ಓದಲು ಇನ್ನೊಬ್ಬರ ಪ್ರಕ್ರಿಯೆಗೆ ಆಗದಿದ್ದರೆ ಎಸಿಎಲ್‌ನಿಂದ ಏನೂ ಉಪಯೋಗವಿಲ್ಲ.

ಅತಿ ಹೆಚ್ಚು ಹೊತ್ತು ತಿನ್ನುವುದು ಸಬ್‌ಸ್ಕ್ರೈಬ್ ಆಜ್ಞೆಯೇ ಸೋಲುವ ಪ್ರಸಂಗ. ಹಂಚಿದ ನೇಮ್‌ಸ್ಪೇಸ್‌ನಲ್ಲಿ (ಡವ್‌ಕಾಟ್ ಸೆಟ್ಟಿಂಗ್‌ನಲ್ಲಿ ಫೋಲ್ಡರ್‌ಗಳ ಒಂದು ಗುಂಪು) ಸಾಮಾನ್ಯವಾಗಿ ‘ಸಬ್‌ಸ್ಕ್ರಿಪ್ಷನ್ಸ್ = ನೋ’ ಎಂದಿರುತ್ತದೆ. ಅದು ಸರಿಯೇ, ಪಟ್ಟಿಯನ್ನು ಮೇಲಿನ ನೇಮ್‌ಸ್ಪೇಸ್ ಇಟ್ಟುಕೊಳ್ಳಲಿ ಎಂದು ಅದರರ್ಥ. ಆದರೆ ಖಾಸಗಿ ನೇಮ್‌ಸ್ಪೇಸ್‌ನ ಪ್ರಿಫಿಕ್ಸ್ (ಫೋಲ್ಡರ್ ಹೆಸರಿನ ಮುಂದೆ ಸೇರುವ ಭಾಗ) ‘ಇನ್‌ಬಾಕ್ಸ್/’ ಎಂದಿದ್ದರೆ ‘ಶೇರ್ಡ್/’ ಅದರ ಕೆಳಗೆ ಬರುವುದಿಲ್ಲ, ಹಾಗಾಗಿ ಪಟ್ಟಿ ಬರೆಯಲು ಜಾಗವೇ ಇರುವುದಿಲ್ಲ. ಖಾಲಿ ಪ್ರಿಫಿಕ್ಸ್‌ನ ಇನ್ನೊಂದು ನೇಮ್‌ಸ್ಪೇಸ್ ಸೇರಿಸಿ: ‘ಸಬ್‌ಸ್ಕ್ರಿಪ್ಷನ್ಸ್ = ಯೆಸ್’, ‘ಹಿಡನ್ = ಯೆಸ್’, ‘ಲಿಸ್ಟ್ = ನೋ’. ಬದಲಿಗೆ ಸಾರ್ವಜನಿಕ ನೇಮ್‌ಸ್ಪೇಸ್‌ನಲ್ಲೇ ‘ಯೆಸ್’ ಮಾಡಿಬಿಟ್ಟರೆ ಎಲ್ಲರಿಗೂ ಒಂದೇ ಪಟ್ಟಿಯಾಗುತ್ತದೆ. ಒಬ್ಬರು ತೆಗೆದದ್ದು ಎಲ್ಲರಿಗೂ ಮಾಯ.

ಥಂಡರ್‌ಬರ್ಡ್‌ನಲ್ಲಿ ನೋಡಬೇಕಾದದ್ದು ಒಂದೇ: ಸರ್ವರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್‌ನಲ್ಲಿರುವ ‘ಸಬ್‌ಸ್ಕ್ರೈಬ್ ಆದ ಫೋಲ್ಡರ್ ಮಾತ್ರ ತೋರಿಸು’ ಆಯ್ಕೆ. ಪರೀಕ್ಷೆಗೆಂದು ಅದನ್ನು ತೆಗೆದು ನೋಡಿ.

ಇನ್ನು, ಎಲ್‌ಸಬ್‌ನಲ್ಲಿದ್ದು ಲಿಸ್ಟ್‌ನಲ್ಲಿ ಇಲ್ಲದ ಹೆಸರುಗಳು. ಫೋಲ್ಡರ್ ಅಳಿಸಿದ್ದಾರೆ, ಹೆಸರು ಬದಲಿಸಿದ್ದಾರೆ, ಇಲ್ಲವೇ ಹಕ್ಕು ಹಿಂದೆಗೆದುಕೊಂಡಿದ್ದಾರೆ. ಫೋಲ್ಡರ್ ಹೋಯಿತೆಂದು ಸರ್ವರ್ ತಾನಾಗಿ ಪಟ್ಟಿಯಿಂದ ಹೆಸರು ತೆಗೆಯಬಾರದು ಎಂಬುದು ಐಮ್ಯಾಪ್ ನಿಯಮ, ಅದಕ್ಕೇ ಆ ಹೆಸರು ಬೂದು ಬಣ್ಣದಲ್ಲಿ ಉಳಿಯಬಹುದು. ಡವ್‌ಆಡ್ಮ್‌ನ ‘ಮೇಲ್‌ಬಾಕ್ಸ್ ಅನ್‌ಸಬ್‌ಸ್ಕ್ರೈಬ್’ ಆಜ್ಞೆಗೆ ಹಳೆಯ ಹೆಸರನ್ನು ಅಕ್ಷರಶಃ ಕೊಟ್ಟು ತೆಗೆಯಿರಿ. ಆಮೇಲೆ ‘ಮೇಲ್‌ಬಾಕ್ಸ್ ಲಿಸ್ಟ್’ಗೆ ‘-ಎಸ್’ ಸೇರಿಸಿ ಓಡಿಸಿದರೆ ಪಟ್ಟಿಯಲ್ಲಿ ಈಗ ಏನಿದೆ ಎಂದು ತಿಳಿಯುತ್ತದೆ.