ನಿಮ್ಮದೇ ಬಾಡಿಗೆ ಮನೆಗೆ ಹೋಗುವ ಮುಂಚೆ ಒಂದು ಫೋನ್ (ಇಂಗ್ಲೆಂಡಿನಲ್ಲಿರುವವರಿಗೆ)

ಬೈ-ಟು-ಲೆಟ್ ಸಾಲದಲ್ಲಿ (ಬಾಡಿಗೆಗೆ ಕೊಡಲೆಂದೇ ಕೊಳ್ಳುವ ಮನೆಯ ಸಾಲ) ಕೊಂಡು ಬಾಡಿಗೆಗೆ ಕೊಟ್ಟ ಮನೆಗೆ ನೀವೇ ವಾಸಕ್ಕೆ ಹೋಗುವುದಾದರೆ, ಸಾಮಾನು ಕಟ್ಟುವ ಮೊದಲು ಸಾಲ ಕೊಟ್ಟವರಿಗೇ ಫೋನ್ ಮಾಡಿ. "ಇದನ್ನು ರೆಸಿಡೆನ್ಷಿಯಲ್ ಮಾರ್ಟ್‌ಗೇಜ್‌ಗೆ (ನಾವೇ ವಾಸಿಸುವ ಮನೆಯ ಸಾಲಕ್ಕೆ) ಬದಲಾಯಿಸಿಕೊಡುತ್ತೀರಾ? ಅರ್ಲಿ ರಿಪೇಮೆಂಟ್ ಚಾರ್ಜ್ (ಅವಧಿಗೆ ಮೊದಲೇ ಸಾಲ ತೀರಿಸಿದರೆ ಹಾಕುವ ದಂಡ) ಬಿಡುತ್ತೀರಾ?" ಎಂದು ಎರಡೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಫಿಕ್ಸೆಡ್ ಅವಧಿಯ (ಬಡ್ಡಿ ದರ ಬದಲಾಗದ ಅವಧಿ) ಮಧ್ಯೆ ಬೇರೆ ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಈ ದಂಡ ಬೀಳುತ್ತದೆ: 2 ಲಕ್ಷ ಪೌಂಡ್ ಸಾಲಕ್ಕೆ ದಂಡ ಶೇ 3 ಇದ್ದರೆ 6,000 ಪೌಂಡ್ ಸುಮ್ನೆ ಹೋಯಿತು. ಈಗ ಸಾಲ ಕೊಟ್ಟವರಲ್ಲೇ ಉಳಿದರೆ ಕೆಲವರು ಇದನ್ನು ಬಿಟ್ಟುಬಿಡುತ್ತಾರೆ. ಹೇಳದೆ ಹೋಗಿಬಿಡೋಣ ಅನ್ನಬೇಡಿ. ಮಾಲೀಕರಾಗಲಿ ಅವರ ಮನೆಯವರಾಗಲಿ ಅಲ್ಲಿ ವಾಸಿಸಬಾರದು ಎಂದು ಈ ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಅದಕ್ಕಿಂತ ಜಾಸ್ತಿ ತಲೆನೋವು ಇನ್ಶೂರೆನ್ಸ್. ಲ್ಯಾಂಡ್‌ಲಾರ್ಡ್ ಪಾಲಿಸಿ (ಬಾಡಿಗೆಗೆ ಕೊಟ್ಟ ಮನೆಗೆ ಮಾಡಿಸುವ ಇನ್ಶೂರೆನ್ಸ್) ಇಟ್ಟುಕೊಂಡು ನೀವೇ ಒಳಗಿದ್ದರೆ, ಚಳಿಗಾಲದಲ್ಲಿ ಪೈಪ್ ಒಡೆದ ದಿನ ಕ್ಲೇಮ್ ತಿರಸ್ಕಾರವಾಗಬಹುದು. ಅದನ್ನೂ ಅದೇ ವಾರ ಬದಲಾಯಿಸಿ.

ಸಾಲ ಹೀಗೆ ಬದಲಾಯಿಸುವುದು ಎಲ್ಲರಿಗೂ ಆಗುವುದಿಲ್ಲ. ಬೈ-ಟು-ಲೆಟ್‌ನಲ್ಲಿ ಮುಖ್ಯವಾಗಿ ನೋಡುವುದು ಬರುವ ಬಾಡಿಗೆಯನ್ನು. ಈಗ ನಿಮ್ಮ ಸಂಬಳ ನೋಡುತ್ತಾರೆ, ಅದು ಸಾಕಾಗದಿದ್ದರೆ ಕೆಲಸ ಕೆಡುತ್ತದೆ. ಬೈ-ಟು-ಲೆಟ್ ಮಾತ್ರ ಕೊಡುವ ಸಂಸ್ಥೆಯಾದರೆ ಅವರಲ್ಲಿ ಬದಲಾಯಿಸಲು ಬೇರೆ ಸಾಲವೇ ಇರುವುದಿಲ್ಲ. ಆಗ ಫಿಕ್ಸೆಡ್ ಅವಧಿ ಮುಗಿಯುವವರೆಗೆ ಕಾಯುವುದೇ ವಾಸಿ. ಇನ್ನು ತಿಂಗಳ ಕಂತು. ಇಷ್ಟು ದಿನ ಬಹುಶಃ ಬಡ್ಡಿ ಮಾತ್ರ ಕಟ್ಟುತ್ತಿದ್ದಿರಿ ಅಲ್ವಾ? 2 ಲಕ್ಷಕ್ಕೆ ಶೇ 5ರಂತೆ ಅದು ಸುಮಾರು 833 ಪೌಂಡ್. ಹೊಸ ಸಾಲದಲ್ಲಿ ಅಸಲೂ 25 ವರ್ಷದಲ್ಲಿ ತೀರಬೇಕೆಂದರೆ ಸುಮಾರು 1,169.